ಸೀತನಿ ತಿನ್ನಿಸಿದ ಕೈ

“ತಿನ್ನೂದಿಲ್ಲಂದ್ರ ಹೊಲಕ್ಕ ಯಾಕ ಬಂದ್ರಿ?”

ಅಕ್ಕನಾಗಮ್ಮ ಅವನಿಗೆ ಆಡಿದ ಮೊದಲ ಮಾತೇ ಇದು.

ಪ್ರೀತಿಯ ಕಥೆಗಳಲ್ಲಿ ಮೊದಲ ಮಾತು ಮೃದುವಾಗಿರುತ್ತದಂತೆ. ಇರಲಿ, ಬೇರೆಯವರ ಕಥೆಯಲ್ಲಿ ಇರಲಿ. ನಾಗಣಸೂರಿನ ಭೀಮಣ್ಣನ ಮಗಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಅದನ್ನು ಮುಚ್ಚಿಟ್ಟು ಕಥೆ ಹೇಳಲು ನನಗೆ ಬರುವುದಿಲ್ಲ.

ಸಾವಿರದ ಒಂಬೈನೂರ ಐವತ್ತಾರರ ಚಳಿಗಾಲ. ಸೊಲ್ಲಾಪುರ ಯಾರ ಪಾಲಿಗೆ, ಅಕ್ಕಲಕೋಟೆ ಯಾರ ಪಾಲಿಗೆ ಎಂದು ಚಹಾದಂಗಡಿಗಳಲ್ಲಿ ಜಗಳ ನಡೆದಿದ್ದ ವರ್ಷ. ಹೊಲದಲ್ಲಿ ಮಾತ್ರ ಜೋಳ ಯಾರನ್ನೂ ಕೇಳದೆ ಹಾಲುಗಾಳು ಕಟ್ಟಿತ್ತು. ಹಸಿ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಆರುವ ಮೊದಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿಯ ಜೊತೆ ಬಂದವರಿಗೆ ಕೊಡುವ ಸೀತನಿಯ ಕಾಲ.

ಭೀಮಣ್ಣನ ಮನೆಯಲ್ಲಿ ಅದಕ್ಕೊಂದು ಪದ್ಧತಿ ಇತ್ತು. ಮನೆಯ ಮಗಳು ತಿಕ್ಕಿದ ಮೊದಲ ಹಿಡಿ ಅತಿಥಿಯ ಅಂಗೈಗೆ. ಅಂಗೈಗೆ ಬಿದ್ದದ್ದನ್ನು ನೆಲಕ್ಕಿಡುವಂತಿಲ್ಲ. ಇಟ್ಟರೆ ಆ ಹೊಲದ ಅನ್ನವನ್ನು ಒದ್ದ ಹಾಗೆ.

ಆ ದಿನದ ಅತಿಥಿ ಶಂಕರೆಪ್ಪ. ಭೀಮಣ್ಣನ ಗತಿಸಿದ ಗೆಳೆಯನ ಮಗ, ಕಂದಲಗಾಂವದವನು, ಸೊಲ್ಲಾಪುರದ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡುವ ಫಿಟ್ಟರ್. ಎತ್ತರದ ಆಳು, ಆದರೆ ಅಂಗಿ ಮೈಮೇಲೆ ನೇತುಹಾಕಿದಂತಿತ್ತು. ಮೊದಲ ಹಿಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದ.

“ಹೊಟ್ಟಿ ಬರಾಬರಿ ಇಲ್ಲರಿ,” ಎಂದ ಮೆಲ್ಲಗೆ.

“ಜೋಳ ಒಲ್ಲದ ಹೊಟ್ಟಿ ಯಾವ ಊರಾಗ ಹುಟ್ಟತೈತ್ರಿ? ಪ್ಯಾಟಿಗಿ ಹೋದ ಕೂಡ್ಲೆ ನಮ್ಮ ಹೊಲದ ಕಾಳು ಗಂಟಲದಾಗ ಇಳ್ಯಾಂಗಿಲ್ಲೇನು?”

ಸುತ್ತ ಕೂತವರು ನಕ್ಕರು. ಶಂಕರೆಪ್ಪ ತಲೆ ಎತ್ತಿ ಅವಳನ್ನು ನೋಡಿದ. ಮುಖವನ್ನಲ್ಲ, ಕೈಯನ್ನು. ಕೆಂಡದ ತೆನೆ ತಿಕ್ಕಿ ತಿಕ್ಕಿ ಅವಳ ಅಂಗೈ ಕರ್ರಗಾಗಿ, ನಡುವೆ ಬೊಬ್ಬೆ ಎದ್ದಿತ್ತು.

ಹಿಡಿಯನ್ನು ಬಾಯಿಗೆ ಹಾಕಿಕೊಂಡ. ಮತ್ತೆ ಕೈ ಚಾಚಿದ. ಅವಳು ಇನ್ನೊಂದು ಹಿಡಿ ಹಾಕಿದಳು. ಅದನ್ನೂ ತಿಂದ.

‘ಸೊಕ್ಕು ಇಳೀತು,’ ಎಂದುಕೊಂಡಳು ಅಕ್ಕನಾಗಮ್ಮ. ಒಳಗೊಳಗೆ ಸಣ್ಣ ಖುಷಿ ಕೂಡ.

ಹೊತ್ತು ನೆತ್ತಿಗೇರುವಷ್ಟರಲ್ಲಿ ಶಂಕರೆಪ್ಪ ಬೇವಿನ ಮರದ ಕೆಳಗೆ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತಿದ್ದ. ಮುಖ ಬೂದಿಯಾಗಿತ್ತು. ವಾಂತಿಯ ಮೇಲೆ ವಾಂತಿ. ಹೊಟ್ಟೆ ಬಿಗಿದು ಡೋಲಾಗಿತ್ತು. ಭೀಮಣ್ಣ ಎತ್ತಿನ ಗಾಡಿ ಕಟ್ಟಿಸಿದ. ಅಕ್ಕನಾಗಮ್ಮ ಯಾರೂ ಕರೆಯದೆಯೇ ಗಾಡಿ ಹತ್ತಿ ಅವನ ತಲೆಯನ್ನು ಹಿಡಿದು ಕೂತಳು. ಸ್ಟೇಷನ್ನಿಗೆ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರಕ್ಕೆ, ಅಲ್ಲಿಂದ ದವಾಖಾನೆಗೆ.

ಅಂದೇ ಆಪರೇಷನ್ ಆಯಿತು. ಸಣ್ಣ ಕರುಳಿನ ಕೊನೆಯ ತುಂಡು ಬಾತು ದಪ್ಪಗಾಗಿ ಒಳದಾರಿ ಮುಚ್ಚಿತ್ತಂತೆ. ಅದನ್ನು ಕತ್ತರಿಸಿ ತೆಗೆದು, ಚೆನ್ನಾಗಿದ್ದ ಎರಡು ತುದಿ ಜೋಡಿಸಿ ಹೊಲಿದರಂತೆ. ಹೊರಗೆ ಬಂದ ನರ್ಸ್ ಮರಾಠಿಯಲ್ಲಿ ಹೇಳಿದ್ದು ಅಕ್ಕನಾಗಮ್ಮನ ಕಿವಿಯಲ್ಲಿ ಕೂತುಬಿಟ್ಟಿತು.

“ಒಳಗೆ ಜೋಳದ ಕಾಳು ಸಿಕ್ಕಿಕೊಂಡಿದ್ದವು.”

ಜೋಳದ ಕಾಳು… ನಾನು ತಿನ್ನಿಸಿದ ಕಾಳು.

ದವಾಖಾನೆಯ ಗೋಡೆಗೆ ಬೆನ್ನು ಹಚ್ಚಿ ಅವಳು ತನ್ನ ಅಂಗೈ ನೋಡಿಕೊಂಡಳು. ಕಪ್ಪು ಇನ್ನೂ ಹೋಗಿರಲಿಲ್ಲ.

*

ಪ್ರತಿ ವಾರ ಭೀಮಣ್ಣ ಸೊಲ್ಲಾಪುರದ ಬಾಜಾರಿಗೆ ಬರುವಾಗ ಅಕ್ಕನಾಗಮ್ಮನೂ ಬಂದಳು. ಕೈಯಲ್ಲಿ ತೆಳುವಾಗಿ ಬಸಿದ ಅಕ್ಕಿ ಗಂಜಿಯ ಚೆರಗಿ. ಮೊದಲ ವಾರ ಮಂಚದ ಪಕ್ಕ ನಿಂತು ಅತ್ತುಬಿಟ್ಟಳು.

“ನನ್ನ ಕೈಲೇ ಆತ್ರಿ ಇದು. ನಾ ಹಂಗ ಅನಬಾರದಿತ್ತು.”

“ನಾ ತಿನಬಾರದಿತ್ತು,” ಎಂದ ಶಂಕರೆಪ್ಪ.

“ಮತ್ಯಾಕ ತಿಂದ್ರಿ?”

“ನಿಮ್ಮ ಕೈ ಸುಟ್ಟಿತ್ತು. ಸುಟ್ಟ ಕೈಲೆ ಕೊಟ್ಟದ್ದನ್ನ ಹೆಂಗ ಒಲ್ಲೆ ಅನ್ನೂದು?”

ಅಕ್ಕನಾಗಮ್ಮ ಗಂಜಿಯ ಚೆರಗಿಯನ್ನು ಅವನ ಕೈಗೆ ತುರುಕಿ, “ಆರೂದ್ರೊಳಗ ಕುಡೀರಿ,” ಎಂದು ಗದರಿದಳು. ಅವಳ ಕಿವಿ ಕೆಂಪಾಗಿತ್ತು.

ಎರಡನೇ ವಾರ ಅವನು ಉಪ್ಪು ಕಡಿಮೆ ಎಂದ. ಮೂರನೇ ವಾರ ಉಪ್ಪು ಜಾಸ್ತಿ ಎಂದ. ಆಮೇಲೆ ಅವಳಿಗೆ ತಿಳಿಯಿತು, ಅವನಿಗೆ ಬೇಕಾದ್ದು ಉಪ್ಪಲ್ಲ, ತನ್ನ ಬೈಗುಳ. ಸಂಜೆ ಊರಿಗೆ ಹೋಗುವ ರೈಲಿನಲ್ಲಿ ಕೂತು ಒಬ್ಬಳೇ ನಗುತ್ತಿದ್ದಳು. ಅಪ್ಪ ನೋಡಿದರೆ ಸೆರಗು ಬಾಯಿಗೆ ಹಿಡಿಯುತ್ತಿದ್ದಳು.

ಆದರೂ ಪ್ರತಿ ಸಲ ಅವನ ಹೊಟ್ಟೆಯ ಬ್ಯಾಂಡೇಜು ಕಂಡಾಗ ಎದೆಯಲ್ಲಿ ಅದೇ ಮಾತು ಕುಕ್ಕುತ್ತಿತ್ತು. ನಾನೇ… ನಾನೇ… ಅವನಿಗೂ ಅದು ಕಾಣುತ್ತಿತ್ತು. ಕಂಡೂ ಸುಮ್ಮನಿದ್ದ.

ಬಿಡುಗಡೆಯ ದಿನ ದೊಡ್ಡ ಡಾಕ್ಟರು ಅವನೊಬ್ಬನನ್ನೇ ಒಳಗೆ ಕರೆದು ತುಸು ಹೊತ್ತು ಮಾತಾಡಿದರು. ಹೊರಗೆ ಬಂದಾಗ ಅವನ ಮುಖ ಇಳಿದಿತ್ತು.

“ಏನಂದ್ರು?” ಎಂದು ಕೇಳಿದಳು ಅಕ್ಕನಾಗಮ್ಮ.

“ಕಾಳಜಿ ತಗೋ ಅಂದ್ರು,” ಎಂದ.

ಅಷ್ಟೇ ಅಂದ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲಿಂದಲೇ. ಒಂದು ಮಾತು ಬಾಯಿ ತನಕ ಬಂದಿತ್ತು, ನುಂಗಿಕೊಂಡ.

ಬೇಸಿಗೆಯಲ್ಲಿ ಅವನ ತಾಯಿ ಗುರುಬಾಯಿಯೇ ನಾಗಣಸೂರಿಗೆ ಬಂದು ಸೋಯರಿಕೆ ಮಾತಾಡಿದಳು. ಗಂಡ ಸತ್ತ ಮೇಲೆ ಒಬ್ಬನೇ ಮಗನನ್ನು ಸಾಕಿದ ಹೆಂಗಸು, ಗಟ್ಟಿ ದನಿ, ಗಟ್ಟಿ ಕೈ. ಅಕ್ಕನಾಗಮ್ಮನ ಕೈಗೆ ಸಕ್ಕರೆ ಪೊಟ್ಟಣ ಕೊಟ್ಟು ಸಾಖರಪುಡಾದ ನಿಶ್ಚಯ ಮುಗಿಸಿದಳು. “ನನ್ನ ಮಗನ ಜೀವಾ ಕಾಯ್ದ ಹುಡುಗಿ,” ಎಂದು ಎಲ್ಲರ ಮುಂದೆ ಕೆನ್ನೆ ಸವರಿದಳು. ಮದುವೆ ಮುಂದಿನ ವರ್ಷ ಸೀತನಿ ಮುಗಿದ ಮೇಲೆ ಎಂದಾಯಿತು.

ನಾಗರ ಪಂಚಮಿಗೆ ಶಂಕರೆಪ್ಪ ನಾಗಣಸೂರಿಗೆ ಬಂದ. ಮೈ ತುಂಬಿಕೊಂಡಿದ್ದ. ಅಕ್ಕನಾಗಮ್ಮ ಕಟ್ಟಿದ ರವೆ ಉಂಡೆ ಒಂದನ್ನು ತಿಂದು, ಜೋಕಾಲಿಯ ಹತ್ತಿರ ನಿಂತು, ಯಾರಿಗೂ ಕೇಳಿಸದಂತೆ, “ಇನ್ನೊಂದು ಪಂಚಮಿಗಿ ನೀ ಇಲ್ಲಿ ಇರಂಗಿಲ್ಲ, ನಮ್ಮ ಮನ್ಯಾಗ ಇರ್ತಿ,” ಎಂದ. ಅವಳು ಜೋಕಾಲಿಯನ್ನು ಜೋರಾಗಿ ಜೀಕಿದಳು.

ಅವನು ಹೋದ ಮೇಲೆ ಸುದ್ದಿಯೇ ಇಲ್ಲ. ಒಂದು ವಾರವಲ್ಲ, ಎರಡು ವಾರವಲ್ಲ.

*

ಸುದ್ದಿ ಬಂದದ್ದು ಗುರುಬಾಯಿಯ ಕಾಲಿನಲ್ಲಿ. ಬೆಳಗಿನ ಹೊತ್ತು ಭೀಮಣ್ಣನ ಅಂಗಳಕ್ಕೆ ಬಂದವಳು ಚಪ್ಪಲಿ ಬಿಡಲಿಲ್ಲ, ನೀರು ಮುಟ್ಟಲಿಲ್ಲ.

“ಭೀಮಣ್ಣಾ, ನಿನ್ನ ಮಗಳು ನನ್ನ ಮಗಗ ಮದ್ದು ಹಾಕ್ಯಾಳ.”

ಮದ್ದು ಎಂದರೆ ಗೊತ್ತಲ್ಲ. ಗಂಡಸನ್ನು ವಶ ಮಾಡಿಕೊಳ್ಳಲು ಊಟದಲ್ಲಿ ಬೆರೆಸಿ ಹಾಕುತ್ತಾರೆ ಎಂದು ಜನ ನಂಬುವ ವಸ್ತು. ಹೊಟ್ಟೆಯೊಳಗೆ ಅಂಟಿಕೊಂಡು ಆಳನ್ನು ಒಣಗಿಸುತ್ತದೆ ಎನ್ನುತ್ತಾರೆ. ಒಂದು ಹೆಣ್ಣಿನ ಮೇಲೆ ಆ ಮಾತು ಬಂದರೆ ಮುಗಿಯಿತು. ಅವಳ ಕೈಯ ನೀರನ್ನೂ ಯಾರೂ ಕುಡಿಯುವುದಿಲ್ಲ.

“ಬಾಯಿ ಹಿಡದು ಮಾತಾಡ್ರಿ, ಗುರುಬಾಯಿ,” ಎಂದ ಭೀಮಣ್ಣ.

“ಯಾಕ ಹಿಡೀಲಿ? ಸೀತನಿ ತಿನಿಸಿದಳು, ಹೊಟ್ಟಿ ಕೊಯ್ಯೂ ಹಂಗಾತು. ಕೆಟ್ಟದ್ದೆಲ್ಲಾ ಕೊಯ್ದು ತಗದೀವಂತ ಡಾಕ್ಟರ್ ಅಂದ್ರು. ನನ್ನ ಮಗಾ ಕುದುರಿ ಹಂಗಾದ. ಪಂಚಮಿಗಿ ಬಂದು ಈಕಿ ಕೈಯಾಗಿನ ಉಂಡಿ ತಿಂದ, ಮತ್ತ ಅದೇ ನೋವು, ಅದೇ ಜ್ವರ, ಅದೇ ರಕ್ತ. ತಗದ ಒಗದ ಬ್ಯಾನಿ ಹೊಳ್ಳಿ ಹೆಂಗ ಬರ್ತೈತಿ? ಎರಡೂ ಸಲ ಈಕಿ ಕೈಲೇ ತಿಂದ ಮ್ಯಾಲೇ ಯಾಕ?”

ಅಂಗಳದ ಗೋಡೆಯಾಚೆ ಜನ ನಿಂತಿದ್ದರು. ಅಕ್ಕನಾಗಮ್ಮ ಬಾಗಿಲಿನಿಂದ ಇಳಿದು ಬಂದಳು.

“ಅವರೇನಂದ್ರು?”

“ಯಾರು?”

“ನಿಮ್ಮ ಮಗಾ. ನಾ ಮದ್ದು ಹಾಕೀನಂತ ಅವರೂ ಅಂದ್ರೇನು?”

“ಅವನೇನು ಅಂತಾನ? ತಲಿ ಕೆಳಗ ಹಾಕ್ಕೊಂಡು ಕುಂತಾನ. ಅಲ್ಲ ಅನ್ಲಿಲ್ಲ, ಹೌದೂ ಅನ್ಲಿಲ್ಲ. ಬರೂ ಗುರುವಾರ ಮಂಗಳವೇಢೆ ಆಚಿಗಿ ಮದ್ದು ತಗಿಯವನ ಕಡೆ ಕರಕೊಂಡು ಹೊಂಟೀನಿ. ಬೇರಿನ ರಸಾ ಕುಡಿಸಿ, ವಾಂತಿ ಮಾಡಿಸಿ ತಗೀತಾನಂತ. ನಿಮ್ಮ ಸೋಯರಿಕಿ ಇಲ್ಲಿಗಿ ಮುಗೀತು.”

ಅವಳು ಹೋದಳು. ಗೋಡೆಯಾಚೆಯ ಜನವೂ ಕರಗಿದರು. ಆಡುವವರ ಬಾಯಿಗೆ ಅಡ್ಡ ಕೈ ಇಡುವವರು ಯಾರು? ಸಂಜೆಯಷ್ಟರಲ್ಲಿ ನೆರೆಯ ಸೋನಾಬಾಯಿ ಅಕ್ಕನಾಗಮ್ಮನ ಮನೆಯಿಂದ ಒಯ್ದಿದ್ದ ಹೆಪ್ಪಿನ ಮಜ್ಜಿಗೆಯನ್ನು ಕಟ್ಟೆಯ ಮೇಲೆ ಹೊಳ್ಳಿ ಇಟ್ಟು ಹೋದಳು.

ಅಕ್ಕನಾಗಮ್ಮನಿಗೆ ಅಳು ಬರಲಿಲ್ಲ. ಗುರುಬಾಯಿಯ ಮಾತಿಗಿಂತ ಅವನ ಮೌನ ಹೆಚ್ಚು ಸುಟ್ಟಿತ್ತು. ‘ಅಲ್ಲ ಅನ್ಲಿಲ್ಲ…’ ಸುಟ್ಟ ಕೈ ನೋಡಿ ಸೀತನಿ ತಿಂದವನಿಗೆ, ಆ ಕೈ ಮದ್ದಿನದಲ್ಲ ಎಂದು ಹೇಳಲು ಬಾಯಿ ಬರಲಿಲ್ಲವೇ?

ಆದರೆ ಒಳಗೊಂದು ಹೆದರಿಕೆಯೂ ಇತ್ತು. ಮದ್ದಂತೂ ಅಲ್ಲ. ಆದರೆ ನನ್ನ ಕೈಯೇ ಕೆಟ್ಟದ್ದಾದರೆ? ಎರಡೂ ಸಲ ನನ್ನ ಕೈಯಿಂದಲೇ ತಿಂದದ್ದು ಖರೆಯಲ್ಲವೇ?

“ಅಪ್ಪಾ, ನಾ ಸೊಲ್ಲಾಪುರಕ್ಕ ಹೊಂಟೀನಿ. ಡಾಕ್ಟರನ್ನ ಕೇಳ್ತೀನಿ.”

“ಏನಂತ ಕೇಳ್ತಿ, ಮಗಳ?”

“ನಾ ಏನ್ ತಪ್ಪು ಮಾಡೀನಂತ ಕೇಳ್ತೀನಿ. ಮಾಡಿದ್ರ ಹೇಳ್ಲಿ. ನೀವು ಬಂದ್ರೂ ಛಲೋ, ಬರದಿದ್ರೂ ಛಲೋ.”

ಭೀಮಣ್ಣ ರುಮಾಲು ಸುತ್ತಿಕೊಂಡು ಎದ್ದ.

*

ಅಪ್ಪ ಮಗಳು ಗುರುವಾರವೇ ಹೋಗುವಂತಾಯಿತು. ಅದಕ್ಕೂ ಮುಂಚೆ ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ.

ಡಾಕ್ಟರು ಮರಾಠಿಯಲ್ಲಿ ಮಾತಾಡಿದರು. ಅವಳು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಉತ್ತರಿಸಿದಳು. ಸೊಲ್ಲಾಪುರದಲ್ಲಿ ಅದು ಯಾರಿಗೂ ಅಡ್ಡಿಯಲ್ಲ.

“ಗಂಜಿಯ ಹುಡುಗಿ ಅಲ್ಲವಾ ನೀನು? ಶಂಕರೆಪ್ಪ ಎಲ್ಲಿ? ನೋವು ಶುರುವಾಗಿದೆ ಎಂದು ಪಂಚಮಿಯ ಮುಂಚೆಯೇ ಬಂದು ತೋರಿಸಿಕೊಂಡಿದ್ದ. ಬಂದು ಅಡ್ಮಿಟ್ ಆಗು ಅಂದೆ. ಆಮೇಲೆ ಪತ್ತೆಯೇ ಇಲ್ಲ.”

ಪಂಚಮಿಯ ಮುಂಚೆ… ಅಂದರೆ ಉಂಡೆ ತಿನ್ನುವ ಮೊದಲೇ.

ಅಕ್ಕನಾಗಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡಳು. “ಡಾಕ್ಟರ್, ಕೊಯ್ದು ತೆಗೆದ ರೋಗ ಹೊಳ್ಳಿ ಹೆಂಗ ಬಂತು? ನನ್ನ ಕೈಯಾಗಿನ ಊಟದಿಂದ ಬಂತೇನು?”

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. “ಊಟದಿಂದ ಬಂದದ್ದಲ್ಲ. ಯಾರ ಕೈಯಿಂದಲೂ ಬಂದದ್ದಲ್ಲ. ಇದಕ್ಕೆ ಕ್ರೋನ್ ರೋಗ ಅನ್ನುತ್ತಾರೆ. ನಮ್ಮ ಕಡೆ ಅಪರೂಪ. ನಾವೂ ಮೊದಲು ಕರುಳಿನ ಕ್ಷಯ ಅಂದುಕೊಂಡಿದ್ದೆವು, ಕತ್ತರಿಸಿದ ತುಂಡನ್ನು ಮುಂಬಯಿಗೆ ಕಳಿಸಿ ಪರೀಕ್ಷೆ ಮಾಡಿಸಿದ ಮೇಲೆ ತಿಳಿಯಿತು. ಯಾಕೆ ಬರುತ್ತದೋ ದೊಡ್ಡ ದೊಡ್ಡವರಿಗೂ ಗೊತ್ತಿಲ್ಲ. ಕೆಟ್ಟ ಭಾಗ ತೆಗೆದರೂ, ಜೋಡಿಸಿದ ಜಾಗದ ಹತ್ತಿರವೇ ಮತ್ತೆ ಹುಣ್ಣಾಗಿ ಬಾವು ಬರುವುದುಂಟು.”

“ಸೀತನಿ? ಕಾಳು ಸಿಕ್ಕಿಕೊಂಡಿದ್ದವು ಅಂದಿದ್ರಲ್ಲ?”

“ದಾರಿ ಮೊದಲೇ ಮುಚ್ಚುತ್ತ ಬಂದಿತ್ತಮ್ಮ. ಅವತ್ತು ನಿಮ್ಮ ಹೊಲದಲ್ಲಿ ಬಿದ್ದ, ಇಲ್ಲದಿದ್ದರೆ ಇನ್ನೊಂದು ದಿನ ಮಿಲ್ಲಿನಲ್ಲಿ ಬೀಳುತ್ತಿದ್ದ. ಇದನ್ನೆಲ್ಲ ಬಿಡುಗಡೆಯ ದಿನವೇ ಅವನಿಗೆ ಹೇಳಿದ್ದೆ. ಹುಡುಗಿ ತನ್ನದೇ ತಪ್ಪೆಂದು ಕೊರಗುತ್ತಿದ್ದಾಳೆ, ಅವಳಿಗೆ ಹೇಳು. ರೋಗ ಹೊಳ್ಳಿ ಬರಬಹುದು, ಅದನ್ನೂ ಹೇಳಿ ಆಮೇಲೆ ಮದುವೆಯಾಗು ಅಂದಿದ್ದೆ. ಹೇಳಲಿಲ್ಲವಾ?”

ಹೇಳಲಿಲ್ಲ.

ಅಕ್ಕನಾಗಮ್ಮನ ಎದೆಯ ಮೇಲಿದ್ದ ಕಲ್ಲು ಒಮ್ಮೆಲೇ ಇಳಿಯಿತು. ನನ್ನ ಕೈ ಅಲ್ಲ… ನನ್ನ ಕೈ ಅಲ್ಲ. ಇಳಿದ ಮರುಕ್ಷಣವೇ ಸಿಟ್ಟು ಏರಿತು. ಇಷ್ಟು ತಿಂಗಳು ಅವಳು ಸೀತನಿಯ ಕನಸು ಕಂಡು ಬೆಚ್ಚಿ ಎದ್ದಿದ್ದಳು. ಅವನ ಮುಂದೆಯೇ ಅತ್ತಿದ್ದಳು. ಬಿಡುಗಡೆಯ ದಿನವೇ ಗೊತ್ತಾಗಿಯೂ ಬಾಯಿ ಬಿಡಲಿಲ್ಲವಲ್ಲ! ಈಗ ಅವಳನ್ನು ಮದ್ದಿನವಳು ಎಂದಾಗಲೂ ತಲೆ ಕೆಳಗೆ ಹಾಕಿ ಕೂತನಲ್ಲ!

“ಇವತ್ತು ಅವರನ್ನ ಮಂಗಳವೇಢೆ ಕಡೆ ಒಯ್ಯಾಕತ್ತಾರ. ವಾಂತಿ ಮಾಡಿಸಿ ಮದ್ದು ತಗೀತಾರಂತ,” ಎಂದಳು.

ಡಾಕ್ಟರು ಎದ್ದು ನಿಂತರು. “ಹುಚ್ಚರಾ ಅವರು? ಒಳಗೆ ಹುಣ್ಣಾಗಿದೆ. ಅಂಥ ವಾಂತಿ ತಡೆಯದೆ ಕರುಳು ಹರಿದರೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಅವನನ್ನು ಇಲ್ಲಿಗೆ ಕರೆದುಕೊಂಡು ಬಾ.”

*

ಎಸ್‌ಟಿ ಸ್ಟ್ಯಾಂಡಿನಲ್ಲಿ ಮಂಗಳವೇಢೆಯ ಬಸ್ಸು ಹೊರಡಲು ನಿಂತಿತ್ತು. ಎಂಜಿನ್ ಶುರುವಾಗಿತ್ತು. ಅಕ್ಕನಾಗಮ್ಮ ಟಾಂಗಾದಿಂದ ಇಳಿದವಳೇ ನೇರ ಹೋಗಿ ಬಸ್ಸಿನ ಮುಂದೆ ನಿಂತಳು.

“ಓ ಬಾಯಿ, ಬಾಜೂಲಾ ವ್ಹಾ,” ಎಂದು ಪಕ್ಕಕ್ಕೆ ಸರಿಯಲು ಕೈ ಬೀಸಿ ಕಂಡಕ್ಟರ್ ಕೂಗಿದ.

“ಸರಿಯಂಗಿಲ್ಲ. ಒಳಗಿನ ಮನಿಷ್ಯಾ ಇಳೀಬೇಕು, ಆಮ್ಯಾಲ ಗಾಡಿ ಹೋಗಬೇಕು.”

ಕಿಟಕಿಯಲ್ಲಿ ಶಂಕರೆಪ್ಪನ ಮುಖ ಕಾಣಿಸಿತು. ಕೆನ್ನೆ ಒಳಗೆ ಹೋಗಿದ್ದವು, ಕಣ್ಣಿನ ಸುತ್ತ ಕಪ್ಪು. ಅದನ್ನು ನೋಡಿಯೂ ಅವಳ ಸಿಟ್ಟು ಕರಗಲಿಲ್ಲ. ಕರಗಬೇಕಾಗಿಯೂ ಇರಲಿಲ್ಲ, ನನ್ನನ್ನು ಕೇಳಿದರೆ.

“ಇಳೀರಿ,” ಎಂದಳು.

ಅವನು ಇಳಿದ. ಹಿಂದೆಯೇ ಗಂಟು ಹಿಡಿದುಕೊಂಡು ಗುರುಬಾಯಿ ಇಳಿದಳು. “ಮತ್ತ ಬಂದಿ ಏನು? ಇನ್ನೂ ಏನ್ ಉಳದೈತಿ ನಿಂದು?”

ಅಕ್ಕನಾಗಮ್ಮ ಅವಳ ಕಡೆ ನೋಡಲಿಲ್ಲ.

“ಬಿಡುಗಡೆ ದಿನಾ ಡಾಕ್ಟರ್ ನಿಮಗೇನ್ ಹೇಳಿದ್ರು? ಇಲ್ಲೇ ಹೇಳ್ರಿ. ನಿಮ್ಮವ್ವನ ಮುಂದ ಹೇಳ್ರಿ.”

“ನಾಗಮ್ಮ, ಮಂದಿ ನೋಡಾಕತ್ತಾರ…”

“ನೋಡ್ಲಿ. ನಮ್ಮ ಅಂಗಳದಾಗ ನಿಮ್ಮವ್ವ ನನ್ನ ಮದ್ದಿನಕಿ ಅಂದಾಗೂ ಮಂದಿ ನೋಡಿದ್ರು. ಅವಾಗ ನೀವೆಲ್ಲಿದ್ರಿ?”

ಶಂಕರೆಪ್ಪ ಬಸ್ಸಿನ ಬಾಗಿಲು ಹಿಡಿದು ನಿಂತ. ತಾಯಿಯ ಕಡೆ ತಿರುಗಿದ.

“ಅವ್ವಾ, ಇದು ಮದ್ದಲ್ಲ. ಅದೇ ಹಳೀ ಬ್ಯಾನಿ. ಹೊಳ್ಳಿ ಬರ್ತೈತಂತ ಡಾಕ್ಟರ್ ನನಗ ಅವತ್ತೇ ಹೇಳಿದ್ರು. ಪಂಚಮಿಗಿಂತ ಮೊದಲೇ ಬಂದಿತ್ತು. ಆಕಿ ಉಂಡಿ ತಿಂದು ಏನೂ ಆಗಿಲ್ಲ. ಸೀತನಿಯಿಂದನೂ ಆಗಿದ್ದಿಲ್ಲ. ನನಗೆಲ್ಲಾ ಗೊತ್ತಿತ್ತು.”

ಗುರುಬಾಯಿ ಗಂಟನ್ನು ನೆಲಕ್ಕಿಟ್ಟು ಅದರ ಮೇಲೇ ಕೂತುಬಿಟ್ಟಳು.

“ಮದ್ದಾಗಿದ್ರ ತಗಸಬಹುದಿತ್ತಲ್ಲೋ ಮಗನ…” ಎಂದಳು, ಸಣ್ಣ ದನಿಯಲ್ಲಿ. “ಹೊಳ್ಳಿ ಹೊಳ್ಳಿ ಬರೂ ಬ್ಯಾನಿಗಿ ನಾ ಯಾರ ಕಡೆ ಹೋಗ್ಲಿ?”

ಆ ಗಟ್ಟಿ ಹೆಂಗಸಿನ ಮೇಲೆ ಅಕ್ಕನಾಗಮ್ಮನಿಗೆ ಆ ಗಳಿಗೆಯಲ್ಲಿ ಮೊದಲ ಬಾರಿಗೆ ಮರುಕ ಹುಟ್ಟಿತು. ಮಗನ ಮೇಲೆ ಮಾತ್ರ ಇಲ್ಲ.

“ನನಗ್ಯಾಕ ಹೇಳಲಿಲ್ಲ?” ಎಂದು ಕೇಳಿದಳು ಅವನನ್ನು. “ಹೇಳಿದ್ರ ಲಗ್ನಾ ಒಲ್ಲೆ ಅಂತಾಳಂತ ಅಂಜಿದ್ರೇನು?”

“ಅದೂ ಐತಿ. ಅದಕ್ಕಿಂತ ಕೆಟ್ಟದ್ದೂ ಐತಿ. ನೀ ವಾರವಾರ ದವಾಖಾನಿಗಿ ಬರ್ತಿದ್ದಿ. ನಿನ್ನ ತಪ್ಪಂತ ತಿಳಕೊಂಡು ಬರ್ತಿದ್ದಿ. ತಪ್ಪು ನಿಂದಲ್ಲಂತ ಹೇಳಿಬಿಟ್ರ… ಇನ್ನ ನನ್ನ ಕಡೆ ಹೊಳ್ಳಿ ನೋಡಂಗಿಲ್ಲ ಅಂತ ಅನಿಸ್ತು.”

“ಅಂದ್ರ ನನ್ನ ಅಳು ನಿಮಗ ಬೇಕಾಗಿತ್ತು.”

“ಹೌದು.”

ನೆಪ ಹೇಳಲಿಲ್ಲ, ಸುತ್ತಿ ಬಳಸಲಿಲ್ಲ. ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಆ ‘ಹೌದು’ ಕೇಳಿ ಅಕ್ಕನಾಗಮ್ಮನ ಕಣ್ಣಲ್ಲಿ ಇಷ್ಟು ದಿನ ಬಾರದ ನೀರು ಬಂತು. ಅದನ್ನು ಸೆರಗಿನಿಂದ ಒರಟಾಗಿ ಒರೆಸಿಕೊಂಡಳು.

“ಮೊದಲನೇ ವಾರ ತಪ್ಪಿಗಂಜಿ ಬಂದಿದ್ದೆ, ಖರೇ. ಆಮ್ಯಾಲ ನಿಮ್ಮನ್ನ ನೋಡಾಕ ಬರ್ತಿದ್ದೆ. ಗಂಜ್ಯಾಗ ಉಪ್ಪು ಹೆಚ್ಚ ಹಾಕಿದ್ರ ನೀವು ಏನಂತೀರಿ ಅಂತ ಕೇಳಾಕ ಬರ್ತಿದ್ದೆ. ಮಗ್ಗದ ಒಳಗ ಏನ್ ಕೆಟ್ಟೈತಂತ ಸಪ್ಪಳಾ ಕೇಳಿ ಹೇಳ್ತೀರಂತ. ಇಷ್ಟೂ ತಿಳೀಲಿಲ್ಲೇನು ನಿಮಗ?”

ಶಂಕರೆಪ್ಪ ಏನೋ ಹೇಳಹೊರಟ. ಹೇಳುವ ಮೊದಲೇ ಹೊಟ್ಟೆ ಹಿಡಿದು ಬಾಗಿದ. ಅಕ್ಕನಾಗಮ್ಮ ಅವನ ತೋಳಿಗೆ ಭುಜ ಕೊಟ್ಟಳು.

“ಜಗಳ ಆಮ್ಯಾಲ ಮಾಡೂಣು. ಮೊದಲ ದವಾಖಾನಿ. ಅಪ್ಪಾ, ಟಾಂಗಾ ತರಿಸ್ರಿ.” ಆಮೇಲೆ ನೆಲದ ಮೇಲೆ ಕೂತವಳ ಕಡೆ ತಿರುಗಿ, “ಏಳ್ರಿ ಅತ್ತಿ, ಗಂಟು ಇಲ್ಲಿ ಕೊಡ್ರಿ,” ಎಂದಳು.

*

ಈ ಸಲ ಡಾಕ್ಟರು ಕತ್ತಿ ಹಿಡಿಯಲಿಲ್ಲ. ಮಲಗಿಸಿ, ಬರೀ ಗಂಜಿನೀರಿನ ಮೇಲೆ ಇಟ್ಟು, ಮುಂಬಯಿಯಿಂದ ಹೊಸ ಔಷಧ ತರಿಸಿ ಕೊಟ್ಟರು. ಬಾವು ನಿಧಾನಕ್ಕೆ ಇಳಿಯಿತು. ಆದರೆ ಗುಣವಾಯಿತು ಎಂದು ಅವರು ಹೇಳಲಿಲ್ಲ. ಸದ್ಯಕ್ಕೆ ತಗ್ಗಿದೆ, ಮತ್ತೆ ಏಳಬಹುದು, ಮತ್ತೆ ಕೊಯ್ಯಬೇಕಾಗಬಹುದು ಎಂದರು. ಈ ಸಲ ಅದನ್ನು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು.

ಅವತ್ತು ಶಂಕರೆಪ್ಪ ಗೋಡೆಯ ಕಡೆ ಮುಖ ಮಾಡಿ ಹೇಳಿದ. “ನಾಗಮ್ಮ, ಈಗೆಲ್ಲಾ ಕೇಳೀದಿ. ಸಾಖರಪುಡಾ ಮುರಕೋ. ನಾ ಬ್ಯಾಸರಾ ಮಾಡ್ಕೊಳ್ಳಂಗಿಲ್ಲ.”

“ಇದನ್ನ ಮೊದಲ ಕೇಳಬೇಕಿತ್ತು.”

“ಕೇಳಬೇಕಿತ್ತು. ಈಗ ಕೇಳಾಕತ್ತೀನಿ. ನಿನ್ನ ಉತ್ತರಾ ನೀನೇ ಕೊಡು. ನಿನ್ನ ಪರವಾಗಿ ನಾ ಕೊಟ್ಕೊಳ್ಳಂಗಿಲ್ಲ ಇನ್ನ.”

ಅಕ್ಕನಾಗಮ್ಮ ಚೆರಗಿ ಎತ್ತಿಕೊಂಡಳು. “ಸೀತನಿ ಹೊತ್ತಿಗಿ ಹೇಳ್ತೀನಿ. ನಮ್ಮ ಹೊಲಕ್ಕ ಬರ್ರಿ. ನಿಮ್ಮವ್ವನ್ನೂ ಕರಕೊಂಡು ಬರ್ರಿ.”

ಆಮೇಲೆ ಅವಳು ಅವನ ಮಂಚದ ಹತ್ತಿರ ಬರಲಿಲ್ಲ. ಭೀಮಣ್ಣನ ಕೈಯಲ್ಲಿ ಗಂಜಿ ಮಾತ್ರ ಬಂತು. ಉಪ್ಪು ಒಮ್ಮೆ ಕಡಿಮೆ, ಒಮ್ಮೆ ಜಾಸ್ತಿ. ಶಂಕರೆಪ್ಪ ಅದನ್ನು ಕುಡಿಯುತ್ತ, ಅವಳ ಸಿಟ್ಟು ಏರಿತೋ ಇಳಿಯಿತೋ ಎಂದು ಲೆಕ್ಕ ಹಾಕುತ್ತ ಮಲಗಿರುತ್ತಿದ್ದ. ಅನುಭವಿಸಲಿ ಎಂದೇ ನನಗೂ ಅನ್ನಿಸಿತು.

*

ಜೋಳ ಮತ್ತೆ ಹಾಲುಗಾಳು ಕಟ್ಟಿತು. ಭೀಮಣ್ಣನ ಹೊಲದಲ್ಲಿ ಕುಳ್ಳಿನ ಕೆಂಡ ಎದ್ದಿತು. ಅಕ್ಕನಾಗಮ್ಮ ಊರಿಗೆಲ್ಲ ಹೇಳಿ ಕಳಿಸಿದ್ದಳು. ಅಂದು ಗೋಡೆಯಾಚೆ ನಿಂತು ಕೇಳಿದವರೆಲ್ಲ ಬಂದಿದ್ದರು. ಬಂದರು ನಿಜ, ಆದರೆ ಅವಳು ತಿಕ್ಕುವ ತೆನೆಯ ಕಡೆ ಯಾರೂ ಕೈ ಚಾಚಿರಲಿಲ್ಲ. ಸೋನಾಬಾಯಿ ದೂರದಲ್ಲಿ ಸೆರಗು ಹೊದ್ದು ಕೂತಿದ್ದಳು.

ಗಾಡಿಯಿಂದ ಶಂಕರೆಪ್ಪ ಇಳಿದ. ತೆಳ್ಳಗಿದ್ದ, ಆದರೆ ಅವನ ಕಾಲಮೇಲೆ ಅವನೇ ನಿಂತಿದ್ದ. ಹಿಂದೆ ಗುರುಬಾಯಿ. ಅವಳು ಯಾರ ಮುಖವನ್ನೂ ನೋಡದೆ ನೇರ ಕೆಂಡದ ಹತ್ತಿರ ಬಂದಳು. ಚಪ್ಪಲಿ ಬಿಟ್ಟಳು. ಅಕ್ಕನಾಗಮ್ಮನ ಎದುರಿಗೆ ಮಂಡಿ ಊರಿ ಕೂತು, ಅಂಗೈ ಚಾಚಿದಳು.

“ಮೊದಲನೇ ಹಿಡಿ ನನಗ ಹಾಕು, ತಾಯಿ.”

ಅಕ್ಕನಾಗಮ್ಮ ತೆನೆ ತಿಕ್ಕಿದಳು. ಹೊಟ್ಟು ಊದಿದಳು. ಬಿಸಿ ಬಿಸಿ ಸೀತನಿ ಗುರುಬಾಯಿಯ ಅಂಗೈಗೆ ಬಿತ್ತು. ಅವಳು ಒಂದು ಕಾಳೂ ಬಿಡದೆ ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ಅಗಿದು ನುಂಗಿದಳು. ಆಮೇಲೆ ಎದ್ದು ನಿಂತು ತನ್ನ ಗಟ್ಟಿ ದನಿಯಲ್ಲಿ ಹೇಳಿದಳು.

“ಎಲ್ಲಾರೂ ಕೇಳ್ರಿ. ಈ ಕೈಯಾಗ ಮದ್ದಿಲ್ಲ. ಇದ್ದದ್ದು ನನ್ನ ಬಾಯಾಗ. ನನ್ನ ಬಾಯಿ ಸುಡ್ಲಿ.”

“ಸುಡೂದು ಬ್ಯಾಡ್ರಿ ಅತ್ತಿ, ಚಟ್ನಿ ಹಚ್ಚಿಕೊಳ್ರಿ,” ಎಂದಳು ಅಕ್ಕನಾಗಮ್ಮ.

ಯಾರೋ ನಕ್ಕರು. ಸೋನಾಬಾಯಿ ಎದ್ದು ಬಂದು, “ನನಗಿಷ್ಟು ಹಾಕವ್ವಾ,” ಎಂದು ಕೈ ಚಾಚಿದಳು. ಅಕ್ಕನಾಗಮ್ಮ ಅವಳನ್ನು ಸ್ವಲ್ಪ ಹೊತ್ತು ಹಾಗೇ ಕೈ ಚಾಚಿಸಿ ನಿಲ್ಲಿಸಿದಳು. ಆಮೇಲೆ ಹಾಕಿದಳು.

ಶಂಕರೆಪ್ಪ ಬೇವಿನ ಮರದ ಕೆಳಗೆ ಒಬ್ಬನೇ ಕೂತಿದ್ದ. ಅಕ್ಕನಾಗಮ್ಮ ಕೈ ತೊಳೆದುಕೊಂಡು ಒಂದು ಹಿತ್ತಾಳೆಯ ಬಟ್ಟಲು ತಂದು ಅವನ ಮುಂದೆ ಇಟ್ಟಳು. ಹಾಲುಗಾಳನ್ನು ಹಸಿಯಾಗಿಯೇ ರುಬ್ಬಿ, ಮೆತ್ತನೆ ಅರಿವೆಯಲ್ಲಿ ಸಿಪ್ಪೆ ಒಂದೂ ಉಳಿಯದಂತೆ ಹಿಂಡಿ, ಆ ರಸವನ್ನು ತೆಳ್ಳಗೆ ಕುದಿಸಿದ್ದಳು.

“ಡಾಕ್ಟರನ್ನ ಕೇಳೀನಿ. ಇದು ನಡೀತೈತಿ ಅಂದ್ರು,” ಎಂದಳು.

“ನೀ ಡಾಕ್ಟರ್ ಕಡೆ ಹೋಗಿದ್ದೇನು?”

“ನಿಮ್ಮನ್ನ ಕೇಳಿ ಹೋಗಬೇಕಾಗಿತ್ತೇನು?” ಅವಳು ಅವನ ಎದುರಿಗೆ ಕೂತಳು. “ನನ್ನ ಉತ್ತರಾ ಕೇಳ್ರಿ ಈಗ. ಲಗ್ನಾ ಆಗ್ತೀನಿ. ಬ್ಯಾನಿ ಹೊಳ್ಳಿ ಬಂದ್ರ ಬರ್ಲಿ, ನಾನೂ ಚೆರಗಿ ಹಿಡಕೊಂಡು ಹೊಳ್ಳಿ ಬರ್ತೀನಿ. ಆದ್ರ ನೋವು ಬಂದ ದಿನಾನೇ ನನಗ ಹೇಳಬೇಕು. ಮುಚ್ಚಿಟ್ರ ಅದೇ ದಿನಾ ತವರಿಗಿ ಹೊಂಟೆ.”

“ಹೇಳ್ತೀನಿ.”

“ಈಗೇನರ ಐತೇನು ನೋವು?”

ಶಂಕರೆಪ್ಪ ಇಲ್ಲ ಎನ್ನಲು ಹೋದ. ಅವಳ ಕಣ್ಣು ನೋಡಿದ. “ಸ್ವಲ್ಪ ಐತಿ. ಬಲಗಡೆ, ಕೆಳಗ.”

ಅಕ್ಕನಾಗಮ್ಮ ತಲೆಯಾಡಿಸಿದಳು. ಅವನು ಅವಳಿಗೆ ಹೇಳಿದ ಮೊದಲ ನೋವು ಅದು. ಬಟ್ಟಲನ್ನು ಅವನ ಕೈಗೆ ಎತ್ತಿ ಕೊಟ್ಟಳು. ಅವಳ ಅಂಗೈಯ ಕಪ್ಪು ಬಟ್ಟಲಿಗೆ ಹತ್ತಿತು.

ಅವನು ಒಂದು ಗುಟುಕು ಕುಡಿದು, “ಉಪ್ಪು ಕಡಿಮಿ ಆಗೈತಿ,” ಎಂದ.

“ಸುಮ್ಮ ಕುಡೀರಿ. ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಅದು ತೀರೂತನಾ ನೀವು ಎಲ್ಲೂ ಹೋಗೂ ಹಂಗಿಲ್ಲ, ತಿಳೀತಿಲ್ಲೋ?”

ಶಂಕರೆಪ್ಪ ಬಟ್ಟಲಿನ ಮೇಲಿಂದ ಅವಳನ್ನು ನೋಡಿದ.

“ಎಷ್ಟು ಉಳದೈತಿ ಸಿಟ್ಟು?”

“ಭಾಳ ಐತಿ.”

“ಛಲೋ ಆತು,” ಎಂದ ಅವನು, ಮತ್ತು ಬಟ್ಟಲು ಖಾಲಿ ಮಾಡಿದ.